ಪ್ರಾರ್ಥನೆ ಚೀಟಿಗಳನ್ನು ನಾನು ಓದಿದ ಭಾನುವಾರ

ಮನೆಯಿಂದ,
ಜುಲೈ ೧೭, ಬುಧವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಪಾದ್ರಿಯಾಗುವ ಓದಿಗೆಂದು ನೀನು ಊರು ಬಿಟ್ಟು ವರ್ಷವಾಗುತ್ತ ಬಂತು. ನಾನು ಬರೆಯುತ್ತಿರುವುದು ಇದೇ ಮೊದಲ ಕಾಗದ. ತಡವಾಯಿತು, ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಶಾಲೆ ಬಿಟ್ಟು ಮನೆಯಲ್ಲಿರುವವಳಿಗೆ ಪುರುಸೊತ್ತಿಗೇನು ಬರ? ನಿಜ ಹೇಳಬೇಕೆಂದರೆ ನಿನಗೆ ಬರೆಯಲು ಮನಸ್ಸೇ ಇರಲಿಲ್ಲ. ಈಗ ಬಂದಿದೆ, ಯಾಕೆಂದರೆ ಭಾನುವಾರ ಅಮ್ಮ ನನ್ನ ಜೊತೆ ಮಾತಾಡಿದಳು.

ಅವಳು ಮಾತು ಬಿಟ್ಟದ್ದು ನಿನಗೆ ಗೊತ್ತೋ ಇಲ್ಲವೋ. ಶಾಲೆ ನೋಡಲು ಅಧಿಕಾರಿಗಳು ಬರುತ್ತಾರೆಂದು ದೊಡ್ಡ ಮೇಡಂ ನಮ್ಮೆಲ್ಲರಿಂದ ‘ನನ್ನ ಶಾಲೆ’ ಎಂದು ಪ್ರಬಂಧ ಬರೆಸಿದರು. ನಾನು ಬರೆದೆ. ನಲ್ಲಿಯಲ್ಲಿ ನೀರು ಬರುವುದಿಲ್ಲ, ಭೂಗೋಳದ ಸರ್ ನಕಾಶೆಯ ಹಿಂದೆ ನಿಂತೇ ನಿದ್ದೆ ಮಾಡುತ್ತಾರೆ, ನನಗಂತೂ ಬೆಂಚಿನ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಕೂರಲು ಆಗುವುದಿಲ್ಲ. ಒಂದಕ್ಷರ ಸುಳ್ಳಿರಲಿಲ್ಲ. ಮೇಡಂ ಕರೆದು, “ತಪ್ಪಾಯ್ತು ಅಂತ ಬರೆದುಕೊಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ” ಅಂದರು. ಎರಡರಲ್ಲಿ ನನಗೆ ಸುಲಭವಾದದ್ದನ್ನು ಆರಿಸಿಕೊಂಡು ಚೀಲ ಹೆಗಲಿಗೆ ಹಾಕಿದೆ.

ಅಮ್ಮ ಕೂಗಾಡಲಿಲ್ಲ. “ಹೋಗಿ ತಪ್ಪಾಯ್ತು ಅನ್ನೋವರೆಗೂ ನಿನ್ನ ಹತ್ರ ನನಗೆ ಮಾತಿಲ್ಲ” ಅಂದಳು, ಅಷ್ಟೇ. ಮೂವತ್ತೆಂಟು ದಿನ, ಅಣ್ಣ! ಅಮ್ಮನಿಗೆ ಮಾತಿಲ್ಲದೆ ಇರಲು ಆಗುತ್ತದೆಯೇ? ಹಾಗಾಗಿ ಹೊಲಿಗೆ ಮೆಷಿನ್ ಜೊತೆ ಮಾತಾಡಲು ಶುರುಮಾಡಿದಳು.

“ನೋಡಪ್ಪಾ, ಆರು ಅಂಗಿಗೆ ಕಾಜಾ ಹಾಕೋದು ಬಾಕಿ ಇದೆ. ಯಾರಿಗಾದ್ರೂ ಕೈ ಖಾಲಿ ಇದ್ರೆ ಹಾಕಬಹುದು.”

ನಾನೇನು ಬಿಡುತ್ತೇನೆಯೇ? ನಾನೂ ಮೆಷಿನ್‌ಗೇ ಉತ್ತರ ಕೊಟ್ಟೆ. “ನೋಡಪ್ಪಾ, ನಾಲ್ಕು ಮುಗೀತು. ಇನ್ನೆರಡಕ್ಕೆ ನೀಲಿ ದಾರ ಇಲ್ಲ ಅಂತ ಹೇಳ್ಬಿಡು.”

ಆ ಮೆಷಿನ್‌ಗೆ ಈಗ ನಮ್ಮ ಮನೆಯ ಸಮಾಚಾರವೆಲ್ಲ ಗೊತ್ತು. ಬಾಯಿ ಬಿಡುವುದಿಲ್ಲ, ಪುಣ್ಯ.

ಅಮ್ಮನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿಲ್ಲ ಈಗ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು, ಸೂಜಿಯನ್ನೂ ದಾರವನ್ನೂ ಗಾಳಿಯಲ್ಲಿ ಹಿಡಿಯುತ್ತಿದ್ದಳು. ನಾನು ತೆಗೆದುಕೊಂಡು, ಪೋಣಿಸಿ, ಮತ್ತೆ ಅದೇ ಬೆರಳುಗಳ ನಡುವೆ ಇಡುತ್ತಿದ್ದೆ. ದಿನಕ್ಕೆ ಹತ್ತು ಹನ್ನೆರಡು ಸಲ. ಶಾಲೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಕೂತರೂ ನನ್ನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಇಲ್ಲಿ ಒಮ್ಮೆ ಕಣ್ಣು ಕಿರಿದು ಮಾಡಿದರೆ ಯಾರದೋ ಅಂಗಿ ಮುಂದಕ್ಕೆ ಹೋಗುತ್ತದೆ. ನನಗದು ಇಷ್ಟವಾಗಿತ್ತು. ಆದರೂ ಆ ಬೆರಳಿನವಳು ಒಮ್ಮೆ ನನ್ನ ಮುಖ ನೋಡಿ ಬೈದರೂ ಸಾಕು ಅನ್ನಿಸುತ್ತಿತ್ತು.

ಈಗ ಭಾನುವಾರದ ಕಥೆಗೆ ಬರುತ್ತೇನೆ. ನಮ್ಮ ಚರ್ಚಿನ ಬಾಗಿಲ ಪಕ್ಕ ಪ್ರಾರ್ಥನೆ ಚೀಟಿಯ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಬಿದ್ದದ್ದನ್ನು ಪಾದ್ರಿಗಳು ಓದುವ ರೀತಿ ನಿನಗೆ ನೆನಪಿರಬೇಕು. “ಒಂದು ಕುಟುಂಬದ ಸಮಾಧಾನಕ್ಕಾಗಿ.” “ಒಬ್ಬ ಸಹೋದರನ ಆರೋಗ್ಯಕ್ಕಾಗಿ.” ನಾವೆಲ್ಲ “ಕರ್ತನೇ, ನಮ್ಮ ಮೊರೆಯನ್ನು ಕೇಳು” ಅನ್ನುವುದು. ನಮ್ಮ ಸಭೆಯವರು ಇಷ್ಟು ಸಪ್ಪೆಯಾಗಿ ಪ್ರಾರ್ಥಿಸುತ್ತಾರಲ್ಲ, ದೇವರಿಗೆ ಆಕಳಿಕೆ ಬರುವುದಿಲ್ಲವೇ ಎಂದುಕೊಳ್ಳುತ್ತಿದ್ದೆ. ಸಪ್ಪೆ ಮಾಡುತ್ತಿದ್ದವರು ಪಾದ್ರಿಗಳು ಎಂದು ನನಗೇನು ಗೊತ್ತು!

ಈ ಭಾನುವಾರ ಪಾದ್ರಿಗಳು ನಮಗೆಲ್ಲ “ಕುಳಿತುಕೊಳ್ಳಿ” ಎಂದು ಕೈಸನ್ನೆ ಮಾಡಿ ತಾವೂ ಕೂತರು, ತಮ್ಮ ಕನ್ನಡಕದ ಮೇಲೆ. ಚಟ್ ಎಂಬ ಸದ್ದು ಹಿಂದಿನ ಸಾಲಿಗೂ ಕೇಳಿತು. ಪ್ರಸಂಗವನ್ನೇನೋ ಬಾಯಿಪಾಠವಾಗಿ ಒಪ್ಪಿಸಿದರು, ಚೀಟಿ ಓದುವುದು ಹೇಗೆ? ಮುಂದಿನ ಬೆಂಚಿನಲ್ಲಿ ಕಾಲು ಕುಣಿಸುತ್ತ ಕೂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

“ಬಾಮ್ಮ ಗುಂಡುಪಿನ್ನು, ನಿನ್ನ ಗಂಟಲು ದೊಡ್ಡದು. ಚೀಟಿಗಳನ್ನ ನೀನೇ ಓದು. ಗಾಬರಿ ಬೇಡ, ಇದ್ದದ್ದನ್ನ ಇದ್ದ ಹಾಗೆ ಓದಿದ್ರೆ ಆಯ್ತು.”

ನನಗೆ ಈ ಮಾತು ಹೇಳಬಾರದಿತ್ತು, ಪಾಪ.

ಮೊದಲನೆಯದು: “ಕರ್ತನೇ, ಅಡುಗೆಗೆ ಉಪ್ಪು ಎಷ್ಟು ಹಾಕಬೇಕೆಂಬ ಬುದ್ಧಿಯನ್ನು ನನ್ನ ಸೊಸೆಗೆ ದಯಪಾಲಿಸು. ನಾನು ಹೇಳಿ ಹೇಳಿ ಸೋತೆ.” ಹೆಸರಿರಲಿಲ್ಲ. ಆದರೆ ಬೇಕರಿಯವರ ಸೊಸೆ ನಿಧಾನವಾಗಿ ಕುತ್ತಿಗೆ ತಿರುಗಿಸಿ ಅತ್ತೆಯನ್ನು ನೋಡಿದಳು. ಅತ್ತೆ ಚಾವಣಿಯನ್ನು ನೋಡಿದರು. ಅಭ್ಯಾಸಬಲದಿಂದ ಸಭೆ “ಕರ್ತನೇ, ನಮ್ಮ ಮೊರೆಯನ್ನು ಕೇಳು” ಎಂದಿತು.

ಎರಡನೆಯದು: “ಗಾಯನ ತಂಡದಲ್ಲಿ ಎರಡನೇ ಸಾಲಿನ ಎಡತುದಿಗೆ ನಿಲ್ಲುವವರಿಗೆ ಒಳ್ಳೆಯ ಸ್ವರ ಕೊಡು. ಅದಾಗದಿದ್ದರೆ ಗಂಟಲು ನೋವಾದರೂ ಕೊಡು.” ಎರಡನೇ ಸಾಲಿನ ಎಡತುದಿಯಲ್ಲಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರು ತಮ್ಮ ಎಡಕ್ಕೆ ಇನ್ನಾರಾದರೂ ಇದ್ದಾರೆಯೇ ಎಂದು ನೋಡಿಕೊಂಡರು. ಗೋಡೆ ಇತ್ತು.

ಪಾದ್ರಿಗಳು, “ಸಾಕಮ್ಮ, ಉಳಿದದ್ದು ಮುಂದಿನ ವಾರ...” ಎಂದು ಎದ್ದರು. ಅಷ್ಟರಲ್ಲಿ ಮೂರನೆಯದು ನನ್ನ ಬಾಯಿಂದ ಹೊರಬಿದ್ದಾಗಿತ್ತು. “ಪಾದ್ರಿಗಳ ಪ್ರಸಂಗ ಅರ್ಧ ಗಂಟೆಯಲ್ಲಿ ಮುಗಿಯುವಂತೆ ಕೃಪೆ ಮಾಡು.” ಅಣ್ಣ, “ನಮ್ಮ ಮೊರೆಯನ್ನು ಕೇಳು” ಎಂದು ಸಭೆ ಅಷ್ಟು ಭಕ್ತಿಯಿಂದ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಾದ್ರಿಗಳು ಮತ್ತೆ ಕೂತರು.

ಕೊನೆಯ ಚೀಟಿ ಬಿಡಿಸಿ ಓದಿದೆ. “ಸೊಂಟ ಮೂವತ್ತೆಂಟು, ತೋಳು ಹದಿಮೂರು, ಎದೆ ನಲವತ್ತನಾಲ್ಕು.”

“ಕರ್ತನೇ, ನಮ್ಮ ಮೊರೆಯನ್ನು ಕೇಳು” ಎಂದರು ಎಲ್ಲರೂ. ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಡಂ ಮಾತ್ರ ಸೆರಗು ಎಳೆದುಕೊಂಡರು. ಅಳತೆ ಅವರದೇ.

ನಾನು ಕಾಗದದ ತಪ್ಪು ಮಗ್ಗುಲು ಓದಿದ್ದೆ. ನಮ್ಮ ಮನೆಯ ಅಳತೆ ಚೀಟಿ ಅದು. ತಿರುಗಿಸಿದರೆ ಅಮ್ಮನ ಅಕ್ಷರ. ಮೂರನೇ ಬೆಂಚಿನಲ್ಲಿ ಅಮ್ಮ ಕೈಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಮೂವತ್ತೆಂಟು ದಿನಗಳಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು.

ಅದರಲ್ಲಿದ್ದದ್ದನ್ನು ನಿನಗೆ ಮಾತ್ರ ಹೇಳುತ್ತೇನೆ. ಮುಂದೆ ಪಾದ್ರಿಯಾಗುವವನು ನೀನು, ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಈಗಲೇ ಆಗಲಿ.

“ಮಗಳು ಶಾಲೆ ಬಿಟ್ಟು ಮನೆಯಲ್ಲಿದ್ದಾಳೆ. ಅವಳಪ್ಪ ಹೋದ ಮೇಲೆ, ಮಗ ಓದಲು ಹೋದ ಮೇಲೆ ಹಗಲು ಹೊತ್ತು ಈ ಮನೆಯಲ್ಲಿ ಮೆಷಿನ್ ಬಿಟ್ಟರೆ ಸದ್ದಿರಲಿಲ್ಲ. ಈಗ ಇದೆ. ನನಗೆ ಸಂತೋಷವಾಗುತ್ತಿದೆ. ತಾಯಿಯಾದವಳಿಗೆ ಹೀಗೆ ಅನ್ನಿಸಬಾರದು. ಕ್ಷಮಿಸು.”

ನನ್ನ ಕಾಲು ಕುಣಿಯುವುದು ನಿಂತಿತ್ತು. ಮಾತು ಬಿಟ್ಟಿದ್ದು ನನ್ನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ. ಬಾಯಿ ಬಿಟ್ಟರೆ ಆ ಸಂತೋಷ ಎಲ್ಲಿ ಹೊರಬೀಳುತ್ತದೋ ಎಂಬ ಭಯವೂ ಇತ್ತೇನೋ, ಪಾಪ.

ಇಡೀ ಸಭೆ ಕಿವಿ ನಿಮಿರಿಸಿ ಕಾಯುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, “ಒಂದು ಕುಟುಂಬದ ಸಮಾಧಾನಕ್ಕಾಗಿ” ಎಂದು ಓದಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ತಪ್ಪಾಯ್ತು ಅಂತ ಬರೆಯಲಾರದೆ ಶಾಲೆ ಬಿಟ್ಟು ಬಂದವಳು, ಪೀಠದ ಮುಂದೆ ನಿಂತು ಸುಳ್ಳು ಓದಿದೆ. ಇದು ಯಾವ ಜಾತಿಯ ಪಾಪ ಎಂದು ನಿನ್ನ ಪುಸ್ತಕಗಳಲ್ಲಿ ಹುಡುಕಿ ತಿಳಿಸು.

ಆಮೇಲೆ ಅಂಗಳದಲ್ಲಿ ನಾನು ನೆನೆಸಿದಷ್ಟು ಅನಾಹುತವೇನೂ ಆಗಲಿಲ್ಲ. ಬೇಕರಿಯವರ ಸೊಸೆ, “ಅತ್ತೆ, ಇವತ್ತಿಂದ ಉಪ್ಪಿನ ಡಬ್ಬಿ ನಿಮ್ಮ ದಿಂಬಿನ ಪಕ್ಕಾನೇ ಇರ್ಲಿ” ಅಂದಳು. ಪೋಸ್ಟ್‌ಮಾಸ್ಟರು ಮುಂದಿನ ವಾರದಿಂದ ಗಂಟೆ ಬಾರಿಸಲು ಒಪ್ಪಿದ್ದಾರೆ. ಗಂಟೆಗೆ ಇರುವುದು ಒಂದೇ ಸ್ವರ.

ಮನೆಗೆ ಬರುವಾಗ ಅಮ್ಮ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಬಸ್ ಸ್ಟಾಪಿನ ಹತ್ತಿರ ಥಟ್ಟನೆ ನಿಂತು ತಿರುಗಿದಳು.

“ಏನೇ, ಹತ್ತನೇ ಕ್ಲಾಸ್ ತನಕ ಹೋಗಿ ನನ್ನ ಅಕ್ಷರ ಓದೋಕೆ ಬರಲ್ವಾ ನಿನಗೆ?”

“ನಿನ್ನ ಅಕ್ಷರ ಹಾಗಿದೆ. ಕೋಳಿ ಕೆದಕಿದ ಹಾಗೆ.”

“ನನ್ನ ಅಕ್ಷರ ಚೆನ್ನಾಗೇ ಇದೆ.”

“ಹೌದಾ? ಹಾಗಿದ್ರೆ ಇನ್ನೊಂದ್ಸಲ ಓದ್ಲಾ? ಇಲ್ಲೇ, ಬಸ್ಸಿಗೆ ಕಾಯ್ತಿರೋರಿಗೆಲ್ಲ ಕೇಳೋ ಹಾಗೆ?”

“ಮುಚ್ಚೇ ಬಾಯಿ!” ಅಂದಳು.

‘ಮುಚ್ಚೇ ಬಾಯಿ’ ಎನ್ನುವುದು ಇಷ್ಟು ಸಿಹಿಯಾದ ಮಾತೆಂದು ನನಗೆ ಗೊತ್ತಿರಲಿಲ್ಲ, ಅಣ್ಣ. ಆಮೇಲೆ ಅವಳು ಕಣ್ಣೊರೆಸಿಕೊಂಡು, “ಧೂಳು” ಅಂದಳು. ಧೂಳೇನೂ ಇರಲಿಲ್ಲ. ನಾನು ಹಾಗೆ ಹೇಳಲೂ ಇಲ್ಲ. ಮನೆ ತಲುಪುವವರೆಗೆ ಬೈದಳು, ಮನೆ ತಲುಪಿದ ಮೇಲೂ ಬೈದಳು. ಮೂವತ್ತೆಂಟು ದಿನದ ಬಾಕಿ ಇತ್ತಲ್ಲ. ಕೊನೆಗೆ ತೀರ್ಪು ಹೀಗೆ: ಮೇಡಂ ಹತ್ತಿರ ಹೋಗಬೇಕಾಗಿಲ್ಲ, ಆದರೆ ಪರೀಕ್ಷೆಗೆ ಹೊರಗಿನಿಂದ ಕಟ್ಟಬೇಕು, ಮೆಷಿನ್ ಪಕ್ಕದಲ್ಲೇ ಓದಬೇಕು. “ನಿಂತ್ಕೊಂಡು ಓದ್ಲಾ?” ಅಂದೆ. “ತಲೆ ಕೆಳಗೆ ಮಾಡ್ಕೊಂಡು ಓದು, ನನಗೇನು” ಅಂದಳು. ಈಗ ಸೂಜಿ ಕೊಡುವಾಗ ನನ್ನ ಮುಖ ನೋಡುತ್ತಾಳೆ.

ಹೊತ್ತು ಹೊತ್ತಿಗೆ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಪ್ರಸಂಗಗಳನ್ನು ಚಿಕ್ಕದಾಗಿಟ್ಟಿರಲಿ. ಅಮ್ಮನ ಆಶೀರ್ವಾದಗಳು.

ಇಂತಿ ನಿನ್ನ ತಂಗಿ,
ಗುಂಡುಪಿನ್ನು

ತಾ.ಕ.: ನಿನ್ನ ಕಾಗದ ಬಂದಾಗಲೆಲ್ಲ ಅಮ್ಮ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಮಾತು ಬಿಟ್ಟಿದ್ದಾಗಲೂ ಮೆಷಿನ್‌ಗೆ ಓದಿ ಹೇಳುತ್ತಿದ್ದಳು. ಪ್ರತಿ ಸಲವೂ ಕೊನೆಯ ಸಾಲು, “ಗುಂಡುಪಿನ್ನು ಹೇಗಿದ್ದಾಳೆ? ಅವಳ ಮೇಲೆ ನನಗೆ ಕೋಪವಿಲ್ಲ ಅಂತ ಹೇಳು.” ಹೋದ ಶನಿವಾರ ಗುಂಡಿ ಹುಡುಕುವಾಗ ಮೆಷಿನ್‌ನ ಖಾನೆಯಲ್ಲಿ ನಿನ್ನ ಕಾಗದಗಳು ಸಿಕ್ಕಿದವು. ನಾನು ಶಾಲೆ ಬಿಟ್ಟ ಮೇಲೆ ನೀನು ಬರೆದದ್ದು ಮೂರು. ಮೂರರಲ್ಲೂ ಆ ಸಾಲಿಲ್ಲ. ನನ್ನ ಸುದ್ದಿಯೇ ಇಲ್ಲ. ಇಲ್ಲದ್ದನ್ನು ಓದುವುದು ಹೇಗೆಂದು ಭಾನುವಾರಕ್ಕೆ ಮುಂಚೆಯೇ ನನಗೆ ಕಲಿಸಿದವಳು ಅಮ್ಮ. ನಾನು ನೋಡಿದ್ದನ್ನು ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ. ಮುಂದಿನ ಕಾಗದದಲ್ಲಿ ನನಗಾಗಿ ಒಂದು ಸಾಲು ಬರಿ, ಅಣ್ಣ. ಕೋಪವಿದ್ದರೆ ಕೋಪ ಅಂತಲೇ ಬರಿ. ನಿನ್ನ ಕೈಬರಹದಲ್ಲಿದ್ದರೆ ಸಾಕು.