ನಿನ್ನ ಪಾಲಿನ ಗಂಟು ನಾನು ಬಿಚ್ಚಿದೆ

ಗದಗ, ೨೧೮೭ನೇ ಇಸವಿ, ಮಾರ್ಚ್ ಮೂವತ್ತೆರಡು

ನನ್ನ ಮೊಮ್ಮಗಳಿಗೆ, ಗಂಡಾಗಿ ಹುಟ್ಟಿದರೆ ಮೊಮ್ಮಗನಿಗೆ,

ತಾರೀಖು ನೋಡಿ ಅಜ್ಜಿಗೆ ಅರುಳು ಮರುಳು ಅಂದುಕೊಳ್ಳಬೇಡ. ವರ್ಷದ ಕೆಲಸ ಮುಗಿಯುತ್ತಿಲ್ಲವೆಂದು ಸರ್ಕಾರವೇ ಮಾರ್ಚಿಗೆ ಒಂದು ದಿನ ಸೇರಿಸಿದೆ. ನೀನು ಓದುವ ಹೊತ್ತಿಗೆ ಅದನ್ನೂ, ನನ್ನ ಕೆಲವು ಮಾತುಗಳನ್ನೂ ಜನ ಮರೆತಿರಬಹುದು, ತಿಳಿಯದಿದ್ದರೆ ಕ್ಷಮಿಸು. ನೀನಿನ್ನೂ ನನ್ನ ಮಗಳು ಚಂಪಕಾಳ ಹೊಟ್ಟೆಯಲ್ಲಿದ್ದೀಯೆ. ನಿನಗೆ ಹದಿನೆಂಟು ತುಂಬಿದಾಗ ನನ್ನ ಮೈಗಂಟು ನಿನ್ನ ಹೆಸರಿಗೆ ಬರುತ್ತದೆ, ಬರಿದಾಗಿ. ಯಾಕೆಂದು ನಾನೇ ಹೇಳಬೇಕಲ್ಲ.

ಮೈಗಂಟು ಅಂದರೆ ಪ್ರತಿ ತಿಂಗಳ ದುಡಿಮೆಯಲ್ಲಿ ಔಷಧೋಪಚಾರಕ್ಕೆಂದೇ ಎತ್ತಿಡುವ ಪಾಲು. ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ, ಉಳಿದದ್ದು ಮೊಮ್ಮಕ್ಕಳಿಗೆ. ಒಳ್ಳೆಯ ಏರ್ಪಾಡೇ. ಯಾರ ಮುಂದೆಯೂ ಕೈಚಾಚದೆ ಆಸ್ಪತ್ರೆಯ ಮೆಟ್ಟಿಲು ಹತ್ತಬಹುದು. ಆದರೆ ನಮ್ಮ ಜನಕ್ಕೆ ಏನು ಕೊಟ್ಟರೂ ಅದರಲ್ಲೊಂದು ಮೆರೆದಾಟ! ಲಗ್ನಪತ್ರಿಕೆಯಲ್ಲಿ 'ಬಿಚ್ಚದ ಗಂಟಿನ ಮನೆತನ' ಎಂದು ಅಚ್ಚು ಹಾಕಿಸುತ್ತಾರೆ. ವಾರಗಟ್ಟಲೆ ಕೆಮ್ಮಿದರೂ ಶುಂಠಿ ಕಷಾಯ ಕುಡಿದು ಮಲಗುತ್ತಾರೆ.

ನನ್ನ ಅವ್ವ ಕಲ್ಲವ್ವ ಅಂಥವಳೇ. ಮೈಯಲ್ಲಿ ಏನು ಕೆಟ್ಟರೂ ಆಸ್ಪತ್ರೆಗೆ ತಿಳಿಸುವ ನಾಡಿಪಟ್ಟಿ ದುಡಿಯುವವರೆಲ್ಲರ ಮುಂಗೈಯಲ್ಲಿರುತ್ತದೆ. ತನ್ನ ರೋಗ ಆಸ್ಪತ್ರೆಗೆ ತಿಳಿಯದಿರಲೆಂದು ಅವ್ವ ತನ್ನದನ್ನು ಬಿಚ್ಚಿ ನನ್ನ ಕೈಗೆ ಕಟ್ಟುತ್ತಿದ್ದಳು. ಒಂಬತ್ತು ವರ್ಷದ ನಾನು ಹೊಸ ಬಳೆ ಸಿಕ್ಕಿತೆಂದು ಓಣಿಯೆಲ್ಲ ಕುಣಿದೆ. ಎದೆಯಲ್ಲಿ ಎದ್ದ ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟು ಈ ಗಂಟನ್ನು ಕಾಪಾಡಿದಳು, ಪುಣ್ಯಾತ್ಗಿತ್ತಿ! ಸತ್ತಾಗ ಊರೆಲ್ಲ ಹೊಗಳಿತು.

ಕಳೆದ ದೀಪಾವಳಿಗೆ ಹೊಸ ಕುಪ್ಪಸ ತೊಡುವಾಗ ನನ್ನ ಎದೆಯಲ್ಲೂ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ, ನಾನೂ ಪಟ್ಟಿ ಬಿಚ್ಚಿಟ್ಟೆ. ಮೂರು ದಿನ ಯಾರಿಗೂ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಚಂಪಕಾ ನಗುತ್ತ ಬಂದು, ತಾನು ಬಸುರಿ ಅಂದಳು. ಅವಳಿಗೆ ಸಕ್ಕರೆ ತಿನ್ನಿಸಿದವಳೇ ಸೀರೆ ಬದಲಿಸಿ ಆಸ್ಪತ್ರೆಗೆ ನಡೆದೆ. ಕೊಯ್ದರು, ಔಷಧಿ ಹಾಕಿದರು, ಮೈಗಂಟು ಪೂರಾ ಕರಗಿತು. ಬೀಗತಿ ಮುಖ ತಿರುಗಿಸಿದಳು, ತಿರುಗಿಸಲಿ ಬಿಡು. ಮೊನ್ನೆ ಡಾಕ್ಟರಮ್ಮ ರೋಗದ ಗುರುತೂ ಉಳಿದಿಲ್ಲ ಅಂದರು. ಬರುವ ದಾರಿಯಲ್ಲಿ ನಾಲ್ಕು ಬಿಸಿ ಮಿರ್ಚಿ ತಿಂದು ಬಂದೆ.

ನಿನ್ನಲ್ಲಿ ಒಂದೇ ಕೇಳಿಕೆ. ನೀನು ದುಡಿದು ಕೂಡಿಟ್ಟದ್ದನ್ನು ಬೇಕಾದ ದಿನವೇ ಬಿಚ್ಚು, ಮುಂದಿನವರ ಮುಖ ನೋಡಿ ಕಟ್ಟಿಡಬೇಡ. ನನ್ನನ್ನು ಬೈಯುವುದಿದ್ದರೆ ಬೈಯಿ. ಅದಕ್ಕೂ ಮೊದಲು, ಹುಟ್ಟಿದಾಗ ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ದಿನಾ ನೀರು ಎರೆದದ್ದು ಯಾರೆಂದು ನಿನ್ನ ಅವ್ವನನ್ನು ಕೇಳು. ನಿನ್ನ ಪಾಲು ಹೋದದ್ದು ಅಲ್ಲಿಗೇ.

ನಿನ್ನ ದಾರಿ ಕಾಯುತ್ತಿರುವ ಅಜ್ಜಿ,
ನೀಲಗಂಗವ್ವ