ಉಸಿರು ಬಿಟ್ಟು ಕೊಟ್ಟ ಅಳತೆ

ಹೊಲಿಗೆ ಅಂಗಡಿಯಿಂದ,
ಜೂನ್ ೯, ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ವಾರಕ್ಕೆ ಮೂರು ಸಲ ಆ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತು ಬರುವವಳನ್ನು ಹೇಗಿದ್ದೀಯ ಅಂತ ಕೇಳುವುದೇ ತಪ್ಪು. ಆದರೂ ಕೇಳದೆ ಪತ್ರ ಶುರು ಮಾಡಲು ನನಗೆ ಬರುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ಚಿನ್ನ ಇಟ್ಟವರೂ ಇಷ್ಟು ಕಾಯುವುದಿಲ್ಲ ಕಣೇ!

ನನ್ನ ದಿನಚರಿ ಕೇಳು. ಬೆಳಿಗ್ಗೆ ಐದೂವರೆಗೆ ಎದ್ದು ಬಸ್ ನಿಲ್ದಾಣದ ಸುತ್ತ ನಾಲ್ಕು ಸುತ್ತು ಹಾಕುತ್ತೇನೆ. ಡ್ರೈವರುಗಳೆಲ್ಲ ನನ್ನನ್ನು 'ಟೇಲರ್ ಎಕ್ಸ್‌ಪ್ರೆಸ್' ಎನ್ನುತ್ತಾರೆ. ಬಂದ ಮೇಲೆ ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಮಧ್ಯಾಹ್ನ ಎರಡನೇ ಸಲ ಬಡಿಸಿಕೊಳ್ಳುವಂತಿಲ್ಲ. ನಾಲ್ಕು ಗಂಟೆಗೆ ಎದುರು ಬೇಕರಿಯಲ್ಲಿ ಬಿಸಿ ಬನ್ನು ಹೊರಗೆ ಬರುವಾಗ ಬಾಗಿಲು ಹಾಕಿಕೊಂಡು ಮಷೀನ್ ತುಳಿಯುತ್ತೇನೆ. ಅಂಗಡಿ ಮುಚ್ಚಿದೆ ಅಂತ ಗಿರಾಕಿಗಳು ತಿರುಗಿ ಹೋಗುತ್ತಾರೆ, ಹೋಗಲಿ. ನನ್ನ ಪ್ಯಾಂಟಿನ ಸೊಂಟವನ್ನು ಮೂರು ಸಲ ಬಿಚ್ಚಿ ಒಳಗೆ ಹಿಡಿದಾಯಿತು.

ಜನವರಿಯಲ್ಲೂ ಹೀಗೇ ಬರೆದಿದ್ದೆ. ಆಗ ಬರೆದದ್ದೆಲ್ಲ ಸುಳ್ಳು. ನಿನಗೆ ಕಿಡ್ನಿ ಕೊಡಬೇಕಾದರೆ ಹನ್ನೆರಡು ಕೆಜಿ ಇಳಿಸಿ ಬನ್ನಿ ಅಂತ ಡಾಕ್ಟರ್ ಹೇಳಿದ್ದರಲ್ಲ, ಎರಡು ವಾರ ನಡೆದೆ. ಆಮೇಲೆ ಚಳಿ ಅಂದೆ, ಮೊಣಕಾಲು ಅಂದೆ, ಕೈತುಂಬ ಕೆಲಸ ಅಂದೆ. ಬನ್ನನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಭಾನುವಾರ ಬಂದರೆ ಉಸಿರು ಮೇಲಕ್ಕೆಳೆದು, ಹೊಟ್ಟೆ ಒಳಗೆ ಸೇರಿಸಿ, ಟೇಪನ್ನು ಬಿಗಿಯಾಗಿ ಎಳೆದು, ಸಿಕ್ಕ ಅಂಕಿಯನ್ನು ನಿನಗೆ ಬರೆದೆ. ಇಪ್ಪತ್ತೆಂಟು ವರ್ಷದಿಂದ ಗಿರಾಕಿಗಳಿಗೆ "ಉಸಿರು ಬಿಡಿ ಸಾರ್, ಇಲ್ಲಾಂದ್ರೆ ನಾಳೆ ಗುಂಡಿ ಕೂರಲ್ಲ" ಅಂತ ಹೇಳುತ್ತ ಬಂದವನು ನಾನು! ನೀನು ಆ ಅಂಕಿಗಳನ್ನು ನಂಬಿ, ಶಾಲೆಗೆ ರಜೆ ಬರೆದುಕೊಟ್ಟು, ಮಾರ್ಚ್‌ನಲ್ಲಿ ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿದ್ದೆ. ತಕ್ಕಡಿಯ ಮೇಲೆ ನಿಂತರೆ ಇಳಿದದ್ದು ಒಂದೂವರೆ ಕೆಜಿ. ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ನೀನು ಬೈಯಲಿಲ್ಲ. "ಬಿಡಣ್ಣ, ನಂಗೇನೂ ಅವಸರ ಇಲ್ಲ" ಅಂದೆ. ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

ನಿನ್ನೆ ನಿನ್ನ ಪಾರ್ಸೆಲ್ ಬಂತು. ನಿನಗೆ ಶಾಲೆಯಲ್ಲಿ ಕೆಲಸ ಸಿಕ್ಕಾಗ ನಾನು ಹೊಲಿದುಕೊಟ್ಟ ಬೂದು ಕೋಟು, ಅದರ ಜೇಬಿನಲ್ಲಿ ಚೀಟಿ: "ಅಣ್ಣ, ಇದು ನಂಗಿನ್ನು ಬೇಡ. ಪುಟ್ಟಿ ಅಳತೆಗೆ ಕತ್ತರಿಸಿ ಹೊಲಿದುಕೊಡು." ಹನ್ನೊಂದು ವರ್ಷ ಒಂದು ಗುಂಡಿಯನ್ನೂ ಕಳೆಯದೆ ತೊಟ್ಟವಳು, ಯಾರಿಗೂ ಮುಟ್ಟಲು ಬಿಡದವಳು, ಈಗ ಅದನ್ನು ನನ್ನ ಮಗಳಿಗೆ ಕೊಟ್ಟುಬಿಡುತ್ತಿದ್ದೀಯ. ಅದರ ಅರ್ಥ ಆಗದಷ್ಟು ದಡ್ಡನಲ್ಲ ನಾನು. ಕತ್ತರಿ ಹಿಡಿದು ಮೇಜಿನ ಮುಂದೆ ನಿಂತೆ. ಕತ್ತರಿ ಕೆಳಗಿಟ್ಟೆ. ಅಲ್ಲೇ ಕೂತು ಅತ್ತುಬಿಟ್ಟೆ. ಅಳತೆ ಕೊಡಲು ಬಂದಿದ್ದ ಮುದುಕರೊಬ್ಬರು ಬೇಕರಿಯಿಂದ ನೀರು ತಂದುಕೊಟ್ಟರು. ನೀನು ಹೀಗೆ ಕೈಚೆಲ್ಲಿ ಕೂರಲು ನನ್ನ ಸುಳ್ಳೇ ಕಾರಣ. ಕ್ಷಮಿಸು ಅಂತ ಕೇಳಲು ನನಗೆ ಮುಖವಿಲ್ಲ.

ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ಪುಟ್ಟಿ ಮುತ್ತು ಕಳಿಸಿದ್ದಾಳೆ. ಮಾತ್ರೆ ತಪ್ಪಿಸಬೇಡ, ಊಟ ಬಿಡಬೇಡ. ನೂರು ವರ್ಷ ಬಾಳು.

ನಿನ್ನ
ಗುಂಡಣ್ಣ

ತಾ.ಕ.: ಅಂಚೆಗೆ ಹೊರಟವನು ಔಷಧಿ ಅಂಗಡಿಯ ತಕ್ಕಡಿಯ ಮೇಲೆ ನಿಂತು ಬಂದೆ. ತೂಕಕ್ಕೂ ಉಸಿರಿಗೂ ಸಂಬಂಧವಿಲ್ಲ ಅಂತ ಗೊತ್ತು, ಆದರೂ ಉಸಿರು ಪೂರ್ತಿ ಬಿಟ್ಟೇ ನಿಂತೆ. ಹನ್ನೆರಡು ಕೆಜಿಯೂ ಇಳಿದಿದೆ. ಮಷೀನಿನ ಚೀಟಿ ಜೊತೆಗಿಟ್ಟಿದ್ದೇನೆ, ನನ್ನ ಮಾತು ನಂಬಬೇಡ, ಅದನ್ನು ನೋಡು. ಹದಿನಾರಕ್ಕೆ ಡಾಕ್ಟರ್ ಇಬ್ಬರನ್ನೂ ಬರಹೇಳಿದ್ದಾರೆ. ಕೋಟಿಗೆ ಕತ್ತರಿ ಹಾಕಿಲ್ಲ, ಹಾಗೇ ಮಡಿಸಿ ವಾಪಸ್ ಕಳಿಸುತ್ತಿದ್ದೇನೆ. ಸೆಕೆಯಾದರೂ ಸರಿ, ಸಡಿಲವಾದರೂ ಸರಿ, ಅದನ್ನೇ ತೊಟ್ಟು ಆಸ್ಪತ್ರೆ ಬಾಗಿಲಲ್ಲಿ ನಿಂತಿರು. ನೀನು ತುಂಬ ಸೊರಗಿದ್ದೀಯಂತೆ, ದೂರದಿಂದ ನನಗೆ ನಿನ್ನ ಗುರುತು ಸಿಗದೆ ಹೋದೀತು ಅಂತ ಭಯ. ಕೋಟಿನ ಗುರುತು ಸಿಗುತ್ತದೆ.