ಹಾಲಿನ ಪುಡಿಯನ್ನು ನಂಬದ ಮಾವ

ಭಾನುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಚೂಟಿಮರಿಗೆ, ನಿನ್ನ ಹಾಲಂಗಡಿ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿತು. ಓದಿದೊಡನೆ ಬಂದದ್ದು ಅಳುವಲ್ಲ, ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾಯಿಲೆ ಬಂದಿರುವುದು ನನಗೆ, ಕೆಲಸ ಬಿಡಲು ಹೊರಟಿರುವುದು ನೀನು! ಈ ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೀಯಂತೆ. ಲ್ಯಾಬಿನ ಬಿಳಿ ಕೋಟು ತೊಟ್ಟರೆ ಮೈ ಉರಿಯುತ್ತದಂತೆ. "ನನ್ನ ಮಾತು ನಂಬಿ ನೀವು ಆಪರೇಷನ್ ಬೇಡವೆಂದಿರಿ, ನಿಮ್ಮನ್ನು ಕೊಂದವಳು ನಾನೇ" ಎಂದು ಬರೆದಿದ್ದೀಯ. ನಾನಿನ್ನೂ ಸತ್ತಿಲ್ಲ ತಾಯೀ. ಕೊಂದೆ ಎಂದು ಬರೆಯುವ ಮೊದಲು ಸಾಯುವವನನ್ನು ಒಂದು ಮಾತು ಕೇಳಬಾರದಿತ್ತೇ?

ಫೋನಿನಲ್ಲಿ ನೀನು ಅಳುತ್ತೀಯ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ನಿನ್ನ ಅತ್ತೆ ಗಲ್ಲಾದಲ್ಲಿ ಕೂತಿದ್ದಾಳೆ. ನಾನು ಖಾಲಿ ಕ್ರೇಟೊಂದನ್ನು ಬೋರಲು ಹಾಕಿ, ಅದರ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ವಾಲಿದ್ದರೆ ಕ್ರೇಟಿನ ತಪ್ಪು, ನನ್ನದಲ್ಲ.

ಮೊದಲು ಕೆಟ್ಟ ಸುದ್ದಿ ಮುಗಿಸಿಬಿಡುತ್ತೇನೆ. ದೊಡ್ಡ ಕರುಳಿನ ಗಡ್ಡೆ ಲಿವರಿಗೂ ಹಬ್ಬಿದೆ. ಶುರುವಿನಲ್ಲೇ ಒಪ್ಪಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗ ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು ಎಂದರು ಡಾಕ್ಟರಮ್ಮ. ನಿನ್ನದೇ ವಯಸ್ಸಿನ ಹುಡುಗಿ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಇದ್ದಳು. ನನಗಿಂತ ಅವಳನ್ನು ನೋಡಿಯೇ ಪಾಪ ಅನಿಸಿತು. ನಿನ್ನ ಅತ್ತೆ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ನಾನೇ ಕೈ ಹಿಡಿದು ಎಬ್ಬಿಸಬೇಕಾಯಿತು.

ಈಗ ನಿನ್ನ ತಪ್ಪಿನ ವಿಷಯಕ್ಕೆ ಬರೋಣ. ಆ ದಿನ ನಮ್ಮ ಊಟದ ಮೇಜಿನಲ್ಲಿ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. "ದಿನಾ ಆ ಇಲಿಗಳ ಜೊತೆ ಏನೇ ಮಾಡ್ತೀಯ?" ಎಂದು ರೇಗಿಸಿದವನು ನಾನು. "ಕರುಳಿನ ಕ್ಯಾನ್ಸರ್ ಇರೋ ಇಲಿಗಳಿಗೆ ಹಾಲಿನ ಪ್ರೋಟೀನು ಕೊಟ್ಟು ನೋಡ್ತೀವಿ ಮಾವ. ಕೆಲವಕ್ಕೆ ಗಡ್ಡೆ ನಿಧಾನವಾಗಿ ಬೆಳೆಯುತ್ತೆ," ಎಂದೆ ನೀನು. ನಾನು ಮೇಜು ಕುಟ್ಟಿ, "ನೋಡಿದ್ಯೇನೇ, ನಮ್ಮ ಹಾಲು!" ಎಂದು ಅತ್ತೆಯ ಕಡೆ ತಿರುಗಿದೆ. ಆಗ ನೀನು ಚಮಚ ಎತ್ತಿ, ಟೀಚರಮ್ಮನ ಹಾಗೆ, "ಅದು ಇಲಿ ವಿಷಯ ಮಾವ, ಮನುಷ್ಯರದ್ದಲ್ಲ. ನಮಗೇ ಇನ್ನೂ ಸರಿಯಾಗಿ ಗೊತ್ತಿಲ್ಲ," ಎಂದೆ. ಹೇಳಿದೆಯೋ ಇಲ್ಲವೋ? ನನ್ನ ಎರಡು ಕಿವಿಗೂ ಕೇಳಿಸಿತ್ತು.

ಆ ಹಾಲಿನ ಪ್ರೋಟೀನು ಪುಡಿಯ ಡಬ್ಬಿಯೂ ಅಷ್ಟೇ. ಸುಸ್ತು ಸುಸ್ತು ಎಂದು ನಿನ್ನ ತಲೆ ತಿಂದು ತರಿಸಿಕೊಂಡವನು ನಾನು. ನೀನು ಔಷಧಿ ಅಂಗಡಿಯಿಂದ ತಂದು ಕೈಗಿಡುವಾಗಲೂ, "ಇದು ಬರೀ ಶಕ್ತಿಗೆ. ಸುಸ್ತು ಹೋಗದಿದ್ರೆ ಡಾಕ್ಟರಿಗೆ ತೋರಿಸಿ," ಎಂದಿದ್ದೆ. ರಕ್ತ ಹೋಗುತ್ತಿದೆ ಎಂದು ನಾನು ನಿನಗೆ ಹೇಳಿದ್ದೆನೇ? ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಟ್ಟದ್ದನ್ನಾದರೂ ಹೇಳಿದ್ದೆನೇ? ಇಲ್ಲವಲ್ಲ. ಹೇಳದೆ ಇದ್ದವನ ಹೊಟ್ಟೆಯೊಳಗೆ ಏನಿದೆ ಎಂದು ನೀನು ಕನಸು ಕಾಣಬೇಕಿತ್ತೇ?

ಹಾಗಾದರೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀಯ. ಯಾರಿಗೂ ಹೇಳದ್ದನ್ನು ಹೇಳುತ್ತೇನೆ, ನಗಬೇಡ. ಆಪರೇಷನ್ ಆದ ಮೇಲೆ ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟಬೇಕಾಗಬಹುದು, ಹೊಲಸು ಅದರಲ್ಲೇ ಬಂದು ತುಂಬುತ್ತದೆ ಎಂದರು. ನಾನು ಹಾಲು ಮಾರುವವನು. ಫ್ರಿಜ್ಜಿನ ಕೆಳಗೆ ಒಂದು ಪ್ಯಾಕೆಟ್ಟು ಸೋರಿ ಹುಳಿ ವಾಸನೆ ಬಂದರೆ ಗಿರಾಕಿ ಒಳಗೆ ಕಾಲಿಡದೆ ಎದುರಿನ ಅಂಗಡಿಗೆ ಹೋಗುತ್ತಾನೆ. ಕ್ರೇಟುಗಳನ್ನು ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಿರುವುದು ಆ ಭಯಕ್ಕೇ. ಇನ್ನು ಮೈಗೆ ಇಂಥದ್ದೊಂದು ಅಂಟಿಸಿಕೊಂಡು ಜನರ ಕೈಗೆ ಹಾಲು ಕೊಡಲೇ? ಜೀವಕ್ಕಿಂತ ಮಾನ ದೊಡ್ಡದಾಗಿ ಕಂಡಿತು. ದಡ್ಡತನ, ಗೊತ್ತು.

ಅತ್ತೆ ಬಿಡಬೇಕಲ್ಲ! ಬೆಳಿಗ್ಗೆ ಎದ್ದರೆ ಅದೇ ರಾಗ, "ಯಾವತ್ತು ಹೋಗೋದು, ಯಾವತ್ತು ಹೋಗೋದು." ಅವಳ ಬಾಯಿ ಮುಚ್ಚಿಸಲು ನಿನ್ನ ಹೆಸರು ಹಿಡಿದೆ. "ಹಾಲಿನ ಪ್ರೋಟೀನೇ ಗಡ್ಡೆ ಕರಗಿಸುತ್ತೆ ಅಂತ ನಮ್ಮ ಹುಡುಗಿನೇ ಹೇಳಿದ್ದಾಳೆ. ನಿನಗಿಂತ ಓದಿದ್ದಾಳೆ, ಸುಮ್ನಿರು," ಎಂದುಬಿಟ್ಟೆ. ನಿನ್ನ ಹೆಸರು ಬಂದ ಕೂಡಲೇ ಅವಳು ತೆಪ್ಪಗಾದಳು. ಅದನ್ನೇ ಈಗ ನಿನ್ನ ಕಿವಿಗೂ ಹಾಕಿದ್ದಾಳೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ನನ್ನ ಪಾಲಿಗೆ ವೈದ್ಯ ಹೇಳಿದ್ದು ಕತ್ತರಿ. ಹಾಲು ಎಂದವನು ರೋಗಿಯೊಬ್ಬನೇ.

ಆ ಪುಡಿಯನ್ನು ನಾನು ನಂಬಿಯೂ ಇರಲಿಲ್ಲ, ಕುಡಿಯಲೂ ಇಲ್ಲ. ಅತ್ತೆಯ ಕಣ್ಣೆದುರು ಲೋಟದಲ್ಲಿ ಎರಡು ಚಮಚ ಕದಡುತ್ತಿದ್ದೆ. ಅವಳು ಅತ್ತ ತಿರುಗಿದ್ದೇ ತಡ, ಹಿಂಬಾಗಿಲ ಬೆಕ್ಕಿನ ತಟ್ಟೆಗೆ ಸುರಿಯುತ್ತಿದ್ದೆ. ಆ ಬೆಕ್ಕನ್ನು ನೀನು ಈಗ ನೋಡಬೇಕು, ಗೋಡೆ ಹಾರಲು ಹೋಗಿ ಅರ್ಧದಲ್ಲೇ ಜಾರುತ್ತದೆ. ಜೀವಮಾನವಿಡೀ ಬಿಳಿ ಪದಾರ್ಥ ಮಾರಿಯೇ ಬದುಕಿದವನು ನಾನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಆದ್ದರಿಂದ ನನ್ನ ಸಾವಿನ ಹೊಣೆಯನ್ನು ಕಸಿದುಕೊಳ್ಳಬೇಡ, ಅದು ನನ್ನದು. ಕೆಲಸ ಬಿಡಬೇಡ. ನಿನ್ನ ಅಪ್ಪ ಹೋದ ಮೇಲೆ ನೀನು ಓದಿದ್ದು ಇದೇ ಕೋಣೆಯಲ್ಲಿ. ಫ್ರಿಜ್ಜಿನ ಸದ್ದಿಗೆ ಪಾಠ ತಲೆಗೆ ಹತ್ತುವುದಿಲ್ಲ ಎಂದು ನೀನು ಜಗಳ ತೆಗೆದರೆ, ನಾನು ಪರೀಕ್ಷೆಯ ಹಿಂದಿನ ದಿನ ಅದನ್ನು ಆರಿಸಿ ಮೊಸರೆಲ್ಲ ಕೆಡಿಸಿದ್ದೆ. ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ನಮಗೆ ಮಕ್ಕಳಾಗಲಿಲ್ಲ ಎಂದು ಜನ ಅಯ್ಯೋ ಎನ್ನುವಾಗ, ಇವರಿಗೇನು ತಲೆ ಕೆಟ್ಟಿದೆಯೇ, ನಮ್ಮ ಚೂಟಿ ಕಾಣುವುದಿಲ್ಲವೇ ಎಂದುಕೊಳ್ಳುತ್ತಿದ್ದೆ. ನೀನು ಆ ಕೋಟು ಬಿಚ್ಚಿಟ್ಟರೆ ನನಗೆ ಈ ಕಾಯಿಲೆಗಿಂತ ಹೆಚ್ಚು ನೋವಾಗುತ್ತದೆ. ಇಲಿಯ ಹೊಟ್ಟೆಯಲ್ಲಿ ಕಂಡದ್ದು ಮನುಷ್ಯನ ಹೊಟ್ಟೆಯಲ್ಲೂ ನಡೆಯುತ್ತದೋ ಇಲ್ಲವೋ ಎಂದು ಯಾರಾದರೂ ಕೂತು ನೋಡಲೇಬೇಕಲ್ಲ. ನೀನೇ ಕೂತು ನೋಡು. ಇಲ್ಲ ಎಂದಾದರೆ ಇಲ್ಲ ಎಂದು ಗಟ್ಟಿಯಾಗಿ ಹೇಳು, ನನ್ನಂಥ ಇನ್ನೊಬ್ಬ ಮೊಂಡನಿಗೆ ಕೇಳಿಸಲಿ.

ನನಗೆ ಭಯವೇ ಇಲ್ಲ ಎಂದರೆ ನೀನು ನಂಬುವುದಿಲ್ಲ. ಭಯ ಇದೆ ಮಗಳೇ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಹಗ್ಗ ಕಟ್ಟಿಕೊಂಡಿದ್ದೇನೆ. ತುಂಬಿದ ಕ್ರೇಟು ಎತ್ತಲು ಆಗುವುದಿಲ್ಲ. ಹಾಲಿನ ಗಾಡಿಯ ಡ್ರೈವರು ನಾನು ಕೇಳದೆಯೇ ಒಳಗೆ ತಂದಿಡುತ್ತಾನೆ. ಬದುಕಬೇಕು ಅನಿಸುತ್ತದೆ. ತುಂಬಾ ಅನಿಸುತ್ತದೆ. ಆದರೆ ಮಿಂಚಿಹೋದ ಕೆಲಸಕ್ಕೆ ನೀನು ಚಿಂತೆ ಮಾಡಿ ಫಲವಿಲ್ಲ.

ರಾಜೀನಾಮೆ ಹರಿದು ಹಾಕಿದೆ ಎಂದು ಒಂದೇ ಒಂದು ಸಾಲು ಬರೆದು ಹಾಕು. ಬೇರೇನೂ ಬೇಡ.

ಇಂತಿ,
ತನ್ನ ಹಟದಿಂದಲೇ ಕೆಟ್ಟ, ನಿನ್ನಿಂದ ಎಂದೂ ಕೆಡದ
ಹಾಲಂಗಡಿ ಮಾವ

ಮರೆತಿದ್ದೆ: ನೀನು ತಂದ ಪುಡಿ ಮೊನ್ನೆಗೆ ಮುಗಿಯಿತು. ಡಬ್ಬಿಗೆ ನೀರು ಹಾಕಿ ಕುಲುಕಿ ಅದನ್ನೂ ಕುಡಿದಾಯಿತು. ಇಲ್ಲಿಯ ಔಷಧಿ ಅಂಗಡಿಯಲ್ಲಿ ಬೇರೆ ಕಂಪನಿಯದು ಕೊಟ್ಟರು, ಅದು ನಿನ್ನದರ ಹಾಗೆ ಮೈಗೆ ಹಿಡಿಯುತ್ತಿಲ್ಲ. ನಿನ್ನದನ್ನು ಕುಡಿದ ದಿನ ನೋವು ಸ್ವಲ್ಪ ತಡೆದು ಬರುತ್ತಿತ್ತು. ನಿನ್ನ ಅಮ್ಮ ಈ ಕಡೆ ಬರುವಾಗ ಅವಳ ಕೈಯಲ್ಲಿ ಎರಡು ಡಬ್ಬಿ ಕೊಟ್ಟು ಕಳಿಸು. ಅತ್ತೆಗೆ ಗೊತ್ತಾಗುವುದು ಬೇಡ, ಪುಡಿಯ ಹೆಸರೆತ್ತಿದರೆ ಅಳುತ್ತಾಳೆ. ಮತ್ತೆ, ಎರಡು ಚಮಚದ ಬದಲು ನಾಲ್ಕು ಹಾಕಿದರೆ ಲಿವರಿನವರೆಗೂ ಮುಟ್ಟುತ್ತದೆಯೇ ಎಂದು ನಿಮ್ಮ ಲ್ಯಾಬಿನ ದೊಡ್ಡ ಮೇಡಂ ಅವರನ್ನು ಒಂದು ಮಾತು ಕೇಳಿ ಬರೆ.